ಓದು ಬಾರದವರ ವಿಶ್ವವಿದ್ಯಾನಿಲಯ

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ.

1978ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಕೇಂದ್ರ ಸರ್ಕಾರ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಆರಂಭಿಸಿತು. ವಯಸ್ಕರು ಅಂದರೆ ಯಾರು? ಕಾಗದದ ಮೇಲೆ ಉತ್ತರ ಸ್ಪಷ್ಟವಾಗಿತ್ತು. 15 ವರ್ಷದಿಂದ 35 ವರ್ಷದವರೆಗಿನವರು. ಹತ್ತು ವರ್ಷ ಬಿಟ್ಟು, 1988ರಲ್ಲಿ ಬಂದ ರಾಷ್ಟ್ರೀಯ ಸಾಕ್ಷರತಾ ಮಿಷನ್ ಗುರಿಯಿಟ್ಟಿದ್ದೂ ಅದೇ 15-35ರ ಮೇಲೆ. 15 ದಾಟಿದ ಎಲ್ಲರೂ ಲೆಕ್ಕಕ್ಕೆ ಬಂದದ್ದು 2009ರ ‘ಸಾಕ್ಷರ ಭಾರತ’ ಯೋಜನೆಯಲ್ಲಿ. ಅಂದರೆ 1978ರಲ್ಲಿ 36 ವರ್ಷದವಳಾಗಿದ್ದ ಹೊಳಲ್ಕೆರೆ ತಾಲೂಕಿನ ಒಬ್ಬ ಹೆಣ್ಣುಮಗಳನ್ನು ನೆನೆಸಿಕೊಳ್ಳಿ. ಒಂದೇ ಒಂದು ವರ್ಷಕ್ಕೆ ಆಕೆ ಪಟ್ಟಿಯಿಂದ ಹೊರಗುಳಿದಳು. ಮತ್ತೆ ಸರ್ಕಾರದ ಕಣ್ಣಿಗೆ ಬೀಳುವ ಹೊತ್ತಿಗೆ ಆಕೆಗೆ 67!

ಯೋಜನೆ ಮಾಡಿದವರನ್ನು ದೂರಿ ಫಲವಿಲ್ಲ ಬಿಡಿ. ದುಡ್ಡು ಕಡಿಮೆ, ಜನ ಜಾಸ್ತಿ, ದುಡಿಯುವ ವಯಸ್ಸಿನವರಿಗೆ ಮೊದಲು ಕಲಿಸೋಣ ಅಂದುಕೊಂಡರು. ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಮೂವತ್ತೈದು ದಾಟಿದ ಆ ಲಕ್ಷಾಂತರ ಜನ ಅಲ್ಲಿಗೆ ಕಲಿಯುವುದನ್ನು ನಿಲ್ಲಿಸಿಬಿಟ್ಟರೇ? ಚಿತ್ರದುರ್ಗದ ಕಡೆಯ ಯಾವುದಾದರೂ ಹಳ್ಳಿಯಲ್ಲಿ ಎಂಬತ್ತು ದಾಟಿದವರ ಜೊತೆ ಅರ್ಧ ಗಂಟೆ ಕೂತು ನೋಡಿ. ಹೆಬ್ಬೆಟ್ಟು ಒತ್ತುವ ಅಜ್ಜಿ ಅಕ್ಕಮಹಾದೇವಿಯ ವಚನ ಹೇಳುತ್ತಾಳೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜ ಕಲ್ಯಾಣದ ಕ್ರಾಂತಿ ಯಾಕಾಯಿತು ಅಂತ ವಾದ ಮಾಡುತ್ತಾನೆ. ಇದನ್ನೆಲ್ಲ ಎಲ್ಲಿ ಕಲಿತಿರಿ ಅಂತ ಒಬ್ಬರು ಹಿರಿಯರನ್ನು ಕೇಳಿದ್ದಕ್ಕೆ ಅವರು ನಕ್ಕು ಅಂದಿದ್ದು: “ಓದಾಕೆ ಬರಲ್ಲ ಕಣಪ್ಪಾ, ಕೇಳಾಕೆ ಬರುತ್ತಲ್ಲ!”

ಈ ‘ಕೇಳಾಕೆ ಬರುತ್ತಲ್ಲ’ ಅನ್ನುವ ಮಾತಿನ ಹಿಂದೆ ಒಂದು ಚರಿತ್ರೆ ಇದೆ. ಅದನ್ನು ನನಗೆ ತಿಳಿದಷ್ಟು ಹೇಳಬೇಕೆನಿಸಿತು. ಸಿರಿಗೆರೆಯವರೆಗೆ ಹೋಗಬೇಕು, ಆದರೆ ದಾರಿ ಮೈಸೂರಿನ ಮೇಲಿಂದ ಇದೆ.

ಹೊಸ್ತಿಲು ದಾಟಿದ ವಿಶ್ವವಿದ್ಯಾನಿಲಯ

ವಿಶ್ವವಿದ್ಯಾನಿಲಯ ತನ್ನ ಗೋಡೆಯಿಂದ ಹೊರಗೆ ಬಂದು ಸಾಮಾನ್ಯ ಜನಕ್ಕೆ ಪಾಠ ಹೇಳಬೇಕು ಎಂಬ ಯೋಚನೆ ಇಂಗ್ಲೆಂಡಿನಲ್ಲಿ ಬೇರೂರಿದ್ದು ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ. ಕೇಂಬ್ರಿಜ್‌ನ ಜೇಮ್ಸ್ ಸ್ಟುವರ್ಟ್ ಎಂಬ ತರುಣ ಅಧ್ಯಾಪಕ 1867ರಲ್ಲಿ ಉತ್ತರ ಇಂಗ್ಲೆಂಡಿನ ಊರುಗಳಿಗೆ ಹೋಗಿ ಮಹಿಳೆಯರ ಸಂಘಗಳಿಗೆ ಉಪನ್ಯಾಸ ಕೊಟ್ಟ. ಆಗ ಹೆಣ್ಣುಮಕ್ಕಳಿಗೆ ಕೇಂಬ್ರಿಜ್ ಪದವಿ ಕೊಡುತ್ತಿರಲಿಲ್ಲ. 1873ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯವೇ ಈ ಹೊರಗಿನ ಉಪನ್ಯಾಸಗಳನ್ನು ತನ್ನ ಅಧಿಕೃತ ಕೆಲಸವನ್ನಾಗಿ ತೆಗೆದುಕೊಂಡಿತು.

ನಮ್ಮಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು. ಹೆಸರು ಮೈಸೂರಿನದಾದರೂ ಪಾಠದ ಭಾಷೆ ಇಂಗ್ಲಿಷು. ಕನ್ನಡದಲ್ಲಿ ಎಂ.ಎ. ತರಗತಿ ಬಂದದ್ದೇ 1927ರಲ್ಲಿ, ಅಂದರೆ ವಿಶ್ವವಿದ್ಯಾನಿಲಯಕ್ಕೆ ಹನ್ನೊಂದು ವರ್ಷವಾದ ಮೇಲೆ. ಕುವೆಂಪು ಅದರ ಮೊದಲ ತಂಡದ ವಿದ್ಯಾರ್ಥಿ. ಅವರಿಗೆ ಗುರುಗಳಾಗಿದ್ದ ಟಿ.ಎಸ್. ವೆಂಕಣ್ಣಯ್ಯನವರು ನಮ್ಮ ಜಿಲ್ಲೆಯವರೇ, ಚಳ್ಳಕೆರೆ ತಾಲೂಕಿನ ತಳುಕಿನವರು. ಚಿತ್ರದುರ್ಗದ ಬಯಲುಸೀಮೆಯ ಒಬ್ಬರು ಮೈಸೂರಿನಲ್ಲಿ ಕೂತು ಕನ್ನಡ ವಿಭಾಗ ಕಟ್ಟಿದರು ಅನ್ನುವುದು ನಮಗೆ ಹೆಮ್ಮೆಯ ವಿಷಯ. ಆದರೆ ಆ ಪಾಠ ತಳುಕಿನ ಜನಕ್ಕೆ ಮುಟ್ಟುವುದು ಹೇಗೆ?

ಇದಕ್ಕೆ ಉತ್ತರವಾಗಿ ಬಂದದ್ದು ‘ಪ್ರಚಾರೋಪನ್ಯಾಸ’. 1930ರ ದಶಕದ ಹೊತ್ತಿಗೆ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಮಾತಾಡುವ ಪದ್ಧತಿ ಬೆಳೆಯಿತು. ಸಾಹಿತ್ಯವೊಂದೇ ಅಲ್ಲ, ವಿಜ್ಞಾನ, ಚರಿತ್ರೆ, ಆರೋಗ್ಯ, ಅರ್ಥಶಾಸ್ತ್ರ ಎಲ್ಲವೂ. ಆ ಉಪನ್ಯಾಸಗಳೇ ಆಮೇಲೆ ‘ಪ್ರಚಾರ ಪುಸ್ತಕಮಾಲೆ’ ಎಂಬ ಪುಟ್ಟ ಪುಟ್ಟ ಹೊತ್ತಗೆಗಳಾದವು. ಹಳೆಯ ಪುಸ್ತಕದ ಅಂಗಡಿಗಳಲ್ಲಿ ಇವತ್ತಿಗೂ ಒಂದೊಂದು ಸಿಗುತ್ತವೆ. ಸಿಕ್ಕರೆ ಬಿಡಬೇಡಿ. ಬೆನ್ನುಡಿಯ ಅಬ್ಬರವಿಲ್ಲ, ಬಣ್ಣದ ರಕ್ಷಾಪುಟವಿಲ್ಲ, ಆದರೆ ಎದುರಿಗೆ ಕೂತವನಿಗೆ ಅರ್ಥವಾಗಲೇಬೇಕು ಎಂಬ ಹಟ ಅವುಗಳ ಕನ್ನಡದಲ್ಲಿ ಕಾಣುತ್ತದೆ. ಪಾರಿಭಾಷಿಕ ಪದ ಇಲ್ಲದ ಕಾಲದಲ್ಲಿ ಅದನ್ನು ಕಟ್ಟಿಕೊಳ್ಳುತ್ತಲೇ ಮಾತಾಡಿದ ಜನ ಅವರು.

ಅತ್ತ ಧಾರವಾಡದಲ್ಲೂ ಇದೇ ಕೆಲಸ ನಡೆಯಿತು. ಕರ್ನಾಟಕ ವಿಶ್ವವಿದ್ಯಾಲಯ ಇದಕ್ಕಾಗಿ ಒಂದು ವಿಭಾಗವನ್ನೇ ತೆರೆಯಿತು. ಅದರ ಹೆಸರು ನೋಡಿ, ‘ವ್ಯಾಸಂಗ ವಿಸ್ತರಣ ಮತ್ತು ಪುಸ್ತಕ ಪ್ರಕಟನ ವಿಭಾಗ’. ವಿಸ್ತರಣ ಮೊದಲು, ಪುಸ್ತಕ ಆಮೇಲೆ! ಕವಿ ಚೆನ್ನವೀರ ಕಣವಿಯವರು 1983ರವರೆಗೆ ಹಲವು ದಶಕ ಇದನ್ನು ನಡೆಸಿದರು. ಮೈಸೂರು, ಧಾರವಾಡ ಎರಡೂ ಕಡೆ ಬಳಕೆಗೆ ಬಂದ ಚಂದದ ಪದ ‘ಪ್ರಸಾರಾಂಗ’. ಪ್ರಸಾರ ಮಾಡುವ ಅಂಗ. ದೇಹಕ್ಕೆ ಕೈಕಾಲು ಇದ್ದ ಹಾಗೆ ವಿಶ್ವವಿದ್ಯಾನಿಲಯಕ್ಕೆ ಜನರ ಹತ್ತಿರ ನಡೆದುಹೋಗುವ ಒಂದು ಅಂಗ.

ಇವತ್ತು ಪ್ರಸಾರಾಂಗ ಅಂದರೆ ನಮಗೆ ನೆನಪಾಗುವುದೇನು? ಪುಸ್ತಕದ ಮಳಿಗೆ. ರಾಜ್ಯೋತ್ಸವಕ್ಕೆ ಅರ್ಧ ಬೆಲೆಗೆ ಕೊಡುತ್ತಾರಂತೆ ಅನ್ನುವ ಸುದ್ದಿ. ನಾನೂ ಸಾಲಿನಲ್ಲಿ ನಿಂತು ಕೊಂಡವನೇ. ಪುಸ್ತಕ ಬೇಡ ಅಂತಲ್ಲ. ಆದರೆ ಹೆಸರಿನ ಎರಡು ಭಾಗಗಳಲ್ಲಿ ‘ವಿಸ್ತರಣ’ ಸೊರಗಿ ‘ಪ್ರಕಟನ’ ಉಳಿಯಿತು. ಕಿವಿಗೆ ತಲುಪುತ್ತಿದ್ದದ್ದು ಕಣ್ಣಿಗೆ ಮಾತ್ರ ತಲುಪುವಂತಾಯಿತು. 1951ರ ಜನಗಣತಿಯ ಪ್ರಕಾರ ದೇಶದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಹದಿನೆಂಟರ ಹತ್ತಿರ. ಪುಟ್ಟ ಹೊತ್ತಗೆ ಎಷ್ಟೇ ಅಗ್ಗವಾದರೂ ಉಳಿದ ಎಂಬತ್ತೆರಡು ಜನಕ್ಕೆ ಅದು ಬರೀ ಕಾಗದ.

ಅಕ್ಷರದ ಜೊತೆಗೆ ಇನ್ನೊಂದಿಷ್ಟು

ಇನ್ನೊಂದು ಪ್ರಯತ್ನವನ್ನೂ ಹೇಳಬೇಕು. 1940ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ವಯಸ್ಕರ ಶಿಕ್ಷಣ ಸಮಿತಿ ಬಲವಾಗಿ ಕೆಲಸ ಮಾಡಿತು. ರಾತ್ರಿ ಶಾಲೆ, ಹಳ್ಳಿ ಗ್ರಂಥಾಲಯ, ಹೊಸದಾಗಿ ಓದಲು ಕಲಿತವರಿಗಾಗಿ ದಪ್ಪಕ್ಷರದ ‘ಬೆಳಕು’ ವಾರಪತ್ರಿಕೆ, ಆಮೇಲೆ ‘ಪುಸ್ತಕ ಪ್ರಪಂಚ’ ಮಾಸಿಕ. ಇದೇ ಸಮಿತಿ ಹಳ್ಳಿಯ ಯುವಕರಿಗಾಗಿ ‘ವಿದ್ಯಾಪೀಠ’ಗಳನ್ನು ತೆರೆಯಿತು. ಅಲ್ಲೇ ಉಳಿದು, ಅಲ್ಲೇ ದುಡಿದು, ಬೇಸಾಯ, ಕಸುಬು, ಹಾಡು, ನಾಟಕ ಎಲ್ಲ ಕಲಿಯುವ ಶಾಲೆಗಳು. ಇದಕ್ಕೆ ಮಾದರಿ ದೂರದ ಡೆನ್ಮಾರ್ಕ್ ದೇಶದ ಜಾನಪದ ಪ್ರೌಢಶಾಲೆಗಳು. ಗ್ರುಂಡ್ಟ್‌ವಿಗ್ ಎಂಬ ಪಾದ್ರಿಕವಿಯ ವಿಚಾರದಿಂದ ಹುಟ್ಟಿದ ಆ ಶಾಲೆಗಳಲ್ಲಿ ಮೊದಲನೆಯದು 1844ರಲ್ಲಿ ರೆಡಿಂಗ್ ಎಂಬ ಹಳ್ಳಿಯಲ್ಲಿ ಆರಂಭವಾಯಿತು. ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ. ಪುಸ್ತಕಕ್ಕಿಂತ ‘ಬಾಯಿಮಾತು’ ದೊಡ್ಡದು ಅನ್ನುವುದು ಗ್ರುಂಡ್ಟ್‌ವಿಗ್‌ನ ನಂಬಿಕೆ. ರೈತರ ಮಕ್ಕಳಿಗೆ ಹೊಲದ ಕೆಲಸ ಇಲ್ಲದ ಚಳಿಗಾಲದಲ್ಲಿ ಪಾಠ. ಈ ಕೊನೆಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಪ್ರಚಾರೋಪನ್ಯಾಸ ಓದಿದವರ ಊರಿಗೆ ಬಂತು. ವಿದ್ಯಾಪೀಠ ಯುವಕರಿಗೆ ಬಂತು. ಐವತ್ತರ ಅಜ್ಜ, ಅರವತ್ತರ ಅಜ್ಜಿ? ಅವರ ಪಾಲಿಗೆ ಬಂದದ್ದು ಬೇರೆ ದಾರಿಯಿಂದ.

ಒಂಬತ್ತು ರಾತ್ರಿಗಳ ಪಾಠ

ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ಹೆದ್ದಾರಿಯಲ್ಲಿ ಹೋದವರು ‘ಸಿರಿಗೆರೆ’ ಎಂಬ ಫಲಕ ನೋಡಿರುತ್ತೀರಿ. ತರಳಬಾಳು ಬೃಹನ್ಮಠ ಇರುವ ಊರು. 1914ರಲ್ಲಿ ಹೊಳಲ್ಕೆರೆ ತಾಲೂಕಿನ ಮುತ್ತುಗದೂರಿನಲ್ಲಿ ಹುಟ್ಟಿದ ಶ್ರೀ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ 1940ರಲ್ಲಿ ಪೀಠಕ್ಕೆ ಬಂದರು. ಹಳ್ಳಿಹಳ್ಳಿಗೆ ಶಾಲೆ, ಹಾಸ್ಟೆಲ್ಲು ಕಟ್ಟಿಸಿದ ಅವರ ಕೆಲಸ ಎಲ್ಲರಿಗೂ ಗೊತ್ತು. ಅದು ಮಕ್ಕಳಿಗೆ. ದೊಡ್ಡವರಿಗೆ ಅವರು ಕೊಟ್ಟದ್ದು ತರಳಬಾಳು ಹುಣ್ಣಿಮೆ.

ಮಠದ ಪರಂಪರೆಯ ಪ್ರಕಾರ ಹನ್ನೆರಡನೇ ಶತಮಾನದ ಮರುಳಸಿದ್ಧರು ಮಾಘ ಮಾಸದ ಹುಣ್ಣಿಮೆಯಂದು ತಮ್ಮ ಶಿಷ್ಯನನ್ನು ಸದ್ಧರ್ಮ ಪೀಠದ ಮೇಲೆ ಕೂರಿಸಿ ‘ತರಳಾ, ಬಾಳು’ ಎಂದು ಹರಸಿದರಂತೆ. ತರಳ ಅಂದರೆ ಹುಡುಗ. ಆ ನೆನಪಿನ ಹುಣ್ಣಿಮೆಯನ್ನು ಒಂಬತ್ತು ದಿನಗಳ ಬಹಿರಂಗ ಮಹೋತ್ಸವವಾಗಿ ಆಚರಿಸಲು ಶುರುವಾದದ್ದು 1950ರಲ್ಲಿ, ಜಗಳೂರಿನಲ್ಲಿ. ಜಗಳೂರು ಈಗ ದಾವಣಗೆರೆ ಜಿಲ್ಲೆ, ಆಗ ನಮ್ಮ ಚಿತ್ರದುರ್ಗ ಜಿಲ್ಲೆಯದೇ. ಅಲ್ಲಿಂದ ಮುಂದೆ ಈ ಹುಣ್ಣಿಮೆ ಊರಿಂದೂರಿಗೆ ಹೋಗುತ್ತ ಬಂದಿದೆ. ಹತ್ತಿರದ ವರ್ಷಗಳಲ್ಲಿ 2020ರಲ್ಲಿ ಹಳೇಬೀಡು, 2023ರಲ್ಲಿ ಕೊಟ್ಟೂರು, 2025ರಲ್ಲಿ ಸಿರಿಗೆರೆಗೆ ಹತ್ತಿರದ ಭರಮಸಾಗರ.

ಹೊರಗಿನವರಿಗೆ ಇದು ಜಾತ್ರೆಯ ಹಾಗೆ ಕಾಣಬಹುದು. ಪೆಂಡಾಲು, ಧ್ವನಿವರ್ಧಕ, ದಾಸೋಹದ ಹೊಗೆ, ಅಂಗಡಿ ಸಾಲು. ಆದರೆ ನಡುವಿನ ವೇದಿಕೆಯಲ್ಲಿ ಏನು ನಡೆಯುತ್ತದೆ ನೋಡಿ. ಪ್ರತಿ ಸಂಜೆ ಭಾಷಣಗಳು. ಸಾಹಿತಿಗಳು, ವಿಜ್ಞಾನಿಗಳು, ನ್ಯಾಯಾಧೀಶರು, ಪ್ರಾಧ್ಯಾಪಕರು, ಬೇರೆ ಬೇರೆ ಧರ್ಮದವರು. ಜೊತೆಗೆ ರಾಜಕಾರಣಿಗಳು, ಅವರಿಲ್ಲದೆ ನಮ್ಮಲ್ಲಿ ಯಾವ ವೇದಿಕೆ ತಾನೇ ಇದೆ ಹೇಳಿ! ನಡುನಡುವೆ ಮಕ್ಕಳ ವಚನ ಗಾಯನ, ನೃತ್ಯ, ಮಲ್ಲಕಂಬ. ಕೆಳಗೆ ಚಾಪೆಯ ಮೇಲೆ, ನೆಲದ ಮೇಲೆ ಸಾವಿರಾರು ರೈತರು. ಅವರಲ್ಲಿ ಎಷ್ಟೋ ಜನ ಟವೆಲ್ ಹೊದ್ದ ಅಜ್ಜಂದಿರು, ಸೆರಗು ತಲೆ ಮೇಲೆಳೆದುಕೊಂಡ ಅಜ್ಜಿಯರು.

ಕಾಲೇಜಿನ ಒಬ್ಬ ಮೇಷ್ಟರು ಒಂದು ತರಗತಿಯಲ್ಲಿ ಅರವತ್ತು ಜನಕ್ಕೆ ಪಾಠ ಹೇಳುತ್ತಾರೆ. ಅದೇ ಮೇಷ್ಟರು ಇಲ್ಲಿ ಒಂದು ಸಂಜೆ ಮಾತಾಡಿದರೆ ಅವರ ಇಡೀ ವೃತ್ತಿಜೀವನದ ವಿದ್ಯಾರ್ಥಿಗಳಿಗಿಂತ ಹೆಚ್ಚು ಜನ ಕೇಳುತ್ತಾರೆ. ಇದನ್ನು ಪ್ರಚಾರೋಪನ್ಯಾಸ ಅನ್ನದೆ ಇನ್ನೇನು ಅನ್ನಬೇಕು?

ಯಾಕೆ ಇದು ನಾಟಿತು?

ನನಗೆ ಕಾಣುವ ಕಾರಣಗಳು ನಾಲ್ಕು.

ಒಂದು, ಕಾಲ. ಮಾಘ ಹುಣ್ಣಿಮೆ, ನಮ್ಮ ಕಡೆ ಭರತ ಹುಣ್ಣಿಮೆ ಅನ್ನುತ್ತೇವೆ, ಬರುವುದು ಜನವರಿ ಕೊನೆಗೋ ಫೆಬ್ರವರಿಯಲ್ಲೋ. ಮುಂಗಾರಿನ ರಾಗಿ ಕಣ ಮುಗಿಸಿ ಮನೆ ಸೇರಿರುತ್ತದೆ. ಮಳೆ ಇಲ್ಲ, ಮುಂದಿನ ಉಳುಮೆಗೆ ಇನ್ನೂ ಸಮಯವಿದೆ. ಡೆನ್ಮಾರ್ಕಿನ ಶಾಲೆ ಚಳಿಗಾಲ ಆರಿಸಿಕೊಂಡದ್ದಕ್ಕೂ ಇದಕ್ಕೂ ಕಾರಣ ಒಂದೇ. ರೈತನಿಗೆ ಕಲಿಸಬೇಕಾದರೆ ರೈತನ ಪಂಚಾಂಗ ನೋಡಬೇಕು, ವಿಶ್ವವಿದ್ಯಾನಿಲಯದ ವೇಳಾಪಟ್ಟಿಯನ್ನಲ್ಲ.

ಎರಡು, ಊಟ. ನಗಬೇಡಿ. ಅರವತ್ತು ದಾಟಿದ ಹೆಂಗಸೊಬ್ಬಳು ಸಂಜೆ ಹೊತ್ತು ಮನೆ ಬಿಟ್ಟು ಭಾಷಣ ಕೇಳಲು ಹೋಗಬೇಕಾದರೆ ‘ಅಡುಗೆ ಯಾರು ಮಾಡೋರು’ ಅನ್ನುವ ಪ್ರಶ್ನೆ ಬರುತ್ತದೆ. ದಾಸೋಹ ಆ ಪ್ರಶ್ನೆಯನ್ನು ಮುಗಿಸಿಬಿಡುತ್ತದೆ. ಯಾವ ಪ್ರಸಾರಾಂಗಕ್ಕೂ ಇದು ಹೊಳೆದಂತಿಲ್ಲ.

ಮೂರು, ಕಿವಿ. ನಮ್ಮ ಭಾಷೆಯಲ್ಲಿ ಪಂಡಿತನಿಗೆ ಒಂದು ಹಳೆಯ ಹೆಸರು ‘ಬಹುಶ್ರುತ’. ಬಹಳ ಓದಿದವನು ಅಂತಲ್ಲ, ಬಹಳ ಕೇಳಿದವನು ಅಂತ. ಶ್ರಾವಣದ ಪುರಾಣ, ಹರಿಕಥೆ, ಗಮಕ, ರಾತ್ರಿಯಿಡೀ ಬಯಲಾಟ, ಇವುಗಳಲ್ಲಿ ಪಳಗಿದ ಕಿವಿಗಳು ಅವು. ಒಂದು ಗಂಟೆ ಭಾಷಣ ಅವರಿಗೆ ದೊಡ್ಡದಲ್ಲ. ಅವರನ್ನು ‘ಅನಕ್ಷರಸ್ಥರು’ ಅಂತ ಕರೆದಾಗ ನಾವು ಅವರಿಗೆ ಇಲ್ಲದ್ದನ್ನು ಎಣಿಸಿದೆವು, ಇದ್ದದ್ದನ್ನು ಎಣಿಸಲಿಲ್ಲ.

ನಾಲ್ಕು, ನಾಟಕ. ಶಿವಕುಮಾರ ಸ್ವಾಮೀಜಿ ಸ್ವತಃ ನಾಟಕ ಬರೆದವರು. ‘ಮರಣವೇ ಮಹಾನವಮಿ’ ಅವರದೇ. ಕಲ್ಯಾಣದ ಕಥೆಯನ್ನು ಭಾಷಣದಲ್ಲಿ ಕೇಳಿ, ರಂಗದ ಮೇಲೆ ನೋಡಿ, ವಚನವನ್ನು ಮಕ್ಕಳ ಬಾಯಲ್ಲಿ ಹಾಡಾಗಿ ಕೇಳಿದರೆ ಒಂದೇ ಪಾಠ ಮೂರು ಸಲ ಆದ ಹಾಗೆ. ಈ ಕವಲು ಮುಂದೆ ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಲ್ಲಿ ಬೆಳೆಯಿತು. ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಅಲ್ಲಿ 1987ರಲ್ಲಿ ಶಿವಕುಮಾರ ಕಲಾಸಂಘ, 1997ರಲ್ಲಿ ‘ಶಿವಸಂಚಾರ’ ಎಂಬ ತಿರುಗಾಟದ ರಂಗತಂಡ ಕಟ್ಟಿದರು. ಪರೀಕ್ಷೆಯಿಲ್ಲದ, ಫೀಸಿಲ್ಲದ, ವಯಸ್ಸಿನ ಮಿತಿಯಿಲ್ಲದ ಪಠ್ಯಕ್ರಮ ಅಂದರೆ ಇದೇ ಅಲ್ಲವೇ?

ವಯಸ್ಸಿನ ಮಾತು ಬಂದದ್ದರಿಂದ ಹೇಳುತ್ತೇನೆ. ಶಿವಕುಮಾರ ಸ್ವಾಮೀಜಿ 1979ರಲ್ಲಿ ಪೀಠವನ್ನು ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿಗೆ ವಹಿಸಿಕೊಟ್ಟು ಹಿಂದೆ ಸರಿದರು. 1992ರಲ್ಲಿ ತೀರಿಕೊಂಡರು. ಹೊಸ ಸ್ವಾಮೀಜಿ ಸಂಸ್ಕೃತದ ವಿದ್ವಾಂಸರು. ಅವರ ಓದಿನ ಕಾಲದಲ್ಲಿ ಕಂಪ್ಯೂಟರ್ ಪಾಠ ಎಲ್ಲಿತ್ತು? ಆಮೇಲೆ ತಾವಾಗಿ ಕಲಿತು ಪಾಣಿನಿಯ ಸೂತ್ರಗಳಿಗೆ ‘ಗಣಕಾಷ್ಟಾಧ್ಯಾಯಿ’ ಎಂಬ ತಂತ್ರಾಂಶ ಮಾಡಿದರು. ಯೂನಿಕೋಡ್ ಅಂತ ಒದ್ದಾಡಿದ ನಮ್ಮಂಥವರಿಗೆ ಇದರ ಬೆಲೆ ಗೊತ್ತು. ನಡುವಯಸ್ಸಿನಲ್ಲಿ ಹೊಸದನ್ನು ಕಲಿಯುವುದು ಹೇಗೆ ಅನ್ನುವುದಕ್ಕೆ ಸಿರಿಗೆರೆಯಲ್ಲೇ ಉದಾಹರಣೆ ಇತ್ತು ಅಂದ ಹಾಗಾಯಿತು.

ಕೊರತೆ ಇಲ್ಲವೇ?

ಇದೆ. ಹೊಗಳಿ ಮುಗಿಸಿದರೆ ಚರಿತ್ರೆಯಾಗುವುದಿಲ್ಲ.

ಮಠದ ವೇದಿಕೆ ಎಷ್ಟೇ ದೊಡ್ಡದಾದರೂ ಅದು ಮಠದ ವೇದಿಕೆ. ಅದಕ್ಕೊಂದು ಸಮುದಾಯ ಇದೆ, ಭಕ್ತಿಯ ಒಂದು ಕ್ರಮ ಇದೆ. ಎಲ್ಲ ಕೇರಿಯವರೂ ಒಂದೇ ಸಲಿಗೆಯಿಂದ ಬಂದು ಕೂರುತ್ತಾರೆ ಎಂದು ಹೇಳಲಾಗದು. ಎರಡನೆಯದು, ಕೇಳುವವರು ಕೇಳುತ್ತಾರೆ, ಪ್ರಶ್ನೆ ಕೇಳುವುದಿಲ್ಲ. ಸಾವಿರಾರು ಜನರ ನಡುವೆ ಒಬ್ಬ ಅಜ್ಜಿ ಎದ್ದು ‘ನೀವು ಹೇಳಿದ್ದು ಸರಿಯಿಲ್ಲ ಸ್ವಾಮಿ’ ಅನ್ನಲು ಆಗುತ್ತದೆಯೇ? 2019ರ ಆಗಸ್ಟಿನಲ್ಲಿ ಸಾಣೇಹಳ್ಳಿಯವರು ‘ಮತ್ತೆ ಕಲ್ಯಾಣ’ ಎಂದು ರಾಜ್ಯದ ಜಿಲ್ಲೆಗಳನ್ನೆಲ್ಲ ಸುತ್ತಿದಾಗ ಭಾಷಣ, ನಾಟಕದ ಜೊತೆ ಸಂವಾದವನ್ನೂ ಇಟ್ಟರು. ಬಹಳ ಒಳ್ಳೆಯ ಹೆಜ್ಜೆ. ಆದರೆ ಆ ಸಂವಾದ ಮುಖ್ಯವಾಗಿ ಯುವಕರಿಗೆ, ವಿದ್ಯಾರ್ಥಿಗಳಿಗೆ. ಮತ್ತೆ ಅಜ್ಜ ಅಜ್ಜಿ ಕೇಳುಗರೇ!

ಪ್ರಶ್ನೆಗೆ ಜಾಗ ಕೊಡಬೇಕಾದದ್ದು ವಿಶ್ವವಿದ್ಯಾನಿಲಯ. ಅದರ ಜೀವಾಳವೇ ಪ್ರಶ್ನೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 1977ರಲ್ಲೇ ಬೋಧನೆ, ಸಂಶೋಧನೆಯ ಜೊತೆಗೆ ವಿಸ್ತರಣೆಯೂ ವಿಶ್ವವಿದ್ಯಾನಿಲಯದ ಮೂರನೆಯ ಹೊಣೆ ಎಂದು ಒಪ್ಪಿಕೊಂಡಿತು. ನಮ್ಮ ಜಿಲ್ಲೆಯ ಕಾಲೇಜುಗಳು ಮೈಸೂರಿನಿಂದ ಕುವೆಂಪು ವಿಶ್ವವಿದ್ಯಾನಿಲಯಕ್ಕೆ, ಅಲ್ಲಿಂದ 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯಕ್ಕೆ ಸೇರಿದವು. ವಿಶ್ವವಿದ್ಯಾನಿಲಯ ಕಿಲೋಮೀಟರ್ ಲೆಕ್ಕದಲ್ಲಿ ಹತ್ತಿರ ಹತ್ತಿರ ಬಂತು. ಅಜ್ಜನ ಜಗುಲಿಗೆ ಮಾತ್ರ ಇನ್ನೂ ಬಂದಿಲ್ಲ.

ಹೊರಗೆ ಏನಾಗಿದೆ ನೋಡಿ. 1973ರಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ಪಿಯರ್ ವೆಲ್ಲಾ ಎಂಬ ಪ್ರಾಧ್ಯಾಪಕ ನಿವೃತ್ತರಿಗಾಗಿಯೇ ‘ಮೂರನೇ ವಯಸ್ಸಿನ ವಿಶ್ವವಿದ್ಯಾಲಯ’ ಆರಂಭಿಸಿದ. ಅಲ್ಲಿ ಪಾಠ ಹೇಳುವುದು ವಿಶ್ವವಿದ್ಯಾಲಯ. 1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿಗೆ ಹೋದಾಗ ಅದು ಬದಲಾಯಿತು. ಹಿರಿಯರೇ ಮೇಷ್ಟರು, ಹಿರಿಯರೇ ವಿದ್ಯಾರ್ಥಿಗಳು. ನಕ್ಷತ್ರ ಗೊತ್ತಿದ್ದವರು ನಕ್ಷತ್ರ, ತೋಟ ಗೊತ್ತಿದ್ದವರು ತೋಟ. ನನಗೆ ಈ ಎರಡನೆಯದು ನಮ್ಮ ಅರಳಿಕಟ್ಟೆಗೆ ಹೆಚ್ಚು ಹತ್ತಿರ ಅನ್ನಿಸುತ್ತದೆ.

2011ರ ಗಣತಿಯಲ್ಲೇ ಕರ್ನಾಟಕದ ಜನಸಂಖ್ಯೆಯಲ್ಲಿ ಅರವತ್ತು ದಾಟಿದವರು ನೂರಕ್ಕೆ ಒಂಬತ್ತಕ್ಕಿಂತ ಹೆಚ್ಚು. ಮಕ್ಕಳು ಬೆಂಗಳೂರಿನಲ್ಲಿ, ಮೊಮ್ಮಕ್ಕಳು ಫೋನಿನಲ್ಲಿ. ಹಳ್ಳಿ ಮನೆಯಲ್ಲಿ ಅಜ್ಜ ಅಜ್ಜಿ ಮತ್ತು ಒಂದು ಟೀವಿ. ಆ ಪಳಗಿದ ಕಿವಿಗಳಿಗೆ ಈಗ ಏನು ಬೀಳುತ್ತಿದೆ? ಮೊಬೈಲಿಗೆ ಬರುವ ಸುಳ್ಳು ಮದ್ದಿನ ವಿಡಿಯೋ, ಬೆಳಗ್ಗಿನ ಜ್ಯೋತಿಷ್ಯ, ರಾತ್ರಿಯ ಕಿರುಚಾಟ. ಬಹುಶ್ರುತರಾಗಿದ್ದವರಿಗೆ ಕೇಳಲು ಒಳ್ಳೆಯದೇನೂ ಇಲ್ಲದ ಸ್ಥಿತಿ.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ ಅನ್ನುವುದೇ 1950ರ ಜಗಳೂರು ಹೇಳುವ ಪಾಠ. ಸುಗ್ಗಿ ಮುಗಿದ ಮೇಲಿನ ಒಂದು ವಾರ, ಊರ ಶಾಲೆಯ ಅಂಗಳ, ಬಿಸಿ ಊಟ, ಹತ್ತಿರದ ಕಾಲೇಜಿನ ಒಬ್ಬ ಒಳ್ಳೆಯ ಮೇಷ್ಟರು. ಸಕ್ಕರೆ ಕಾಯಿಲೆ ಯಾಕೆ ಬರುತ್ತದೆ, ಕೊಳವೆ ಬಾವಿ ಯಾಕೆ ಬತ್ತುತ್ತದೆ, ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲೆಷ್ಟು, ಚಂದ್ರಯಾನ ಹೇಗೆ ಹೋಯಿತು. ಕೊನೆಗೆ ಅರ್ಧ ಗಂಟೆ ಬರೀ ಪ್ರಶ್ನೆಗೆ. ಮೊದಲ ಪ್ರಶ್ನೆ ಕೇಳುವ ಹಕ್ಕು ಆ ಸಭೆಯ ಅತಿ ಹಿರಿಯ ಹೆಂಗಸಿಗೆ! ಪ್ರಸಾರಾಂಗ ಎಂಬ ಪದಕ್ಕೆ ಅದರ ಕಾಲು ವಾಪಸ್ ಸಿಕ್ಕಂತಾಗುತ್ತದೆ.

ನಿಮ್ಮ ಊರಿನ ಕಡೆ ಇಂಥ ಉಪನ್ಯಾಸಗಳು ನಡೆಯುತ್ತಿದ್ದವೇ? ಪ್ರಚಾರ ಪುಸ್ತಕಮಾಲೆಯ ಹೊತ್ತಗೆ ಯಾವುದಾದರೂ ನಿಮ್ಮ ಮನೆಯ ಅಟ್ಟದಲ್ಲಿ ಇದೆಯೇ? ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ, ಅವರು ಜೀವನದಲ್ಲಿ ಕೇಳಿದ ಒಳ್ಳೆಯ ಭಾಷಣ ಯಾವುದು ಅಂತ. ಉತ್ತರ ಬಂದರೆ ಬರೆದಿಡಿ. ಆ ಪಾಠಗಳಿಗೆ ಬೇರೆ ಯಾರ ಹತ್ತಿರವೂ ನೋಟ್ಸ್ ಇಲ್ಲ.